ಮ್ಯಾಂಡೊಲಿನ್ ಒಳಗಿನ ಟೋನ್ ಬಾರ್: ಕೂರಿಸುವುದು, ಕೀಸುವುದು, ಕೇಳಿ ನಿಲ್ಲಿಸುವುದು

ಮ್ಯಾಂಡೊಲಿನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಯು. ಶ್ರೀನಿವಾಸ್. ಅವರು ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಅದಕ್ಕೆ ಪೊಳ್ಳು ಹೊಟ್ಟೆ ಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಕರೆಂಟಿಲ್ಲದೆ ಮರವೇ ದನಿ ಕೊಡುವ ಮ್ಯಾಂಡೊಲಿನ್ ಬಗ್ಗೆ. ಮೇಲ್ಹಲಗೆಯನ್ನು ಕಮಾನಿನಂತೆ ಕೆತ್ತಿ, ಎಫ್ ಆಕಾರದ ಎರಡು ರಂಧ್ರ ಕೊರೆದು ಮಾಡುವಂಥದ್ದು. ಇದಕ್ಕೆ ಇವತ್ತಿಗೂ ಮಾದರಿ ಎಫ್-5. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಲ್ಲಿದ್ದ ಗಿಬ್ಸನ್ ಕಂಪನಿ 1922ರಲ್ಲಿ ಅದನ್ನು ಹೊರತಂದಿತು. ಅಲ್ಲಿ 1924ರ ಕೊನೆಯವರೆಗೆ ಕೆಲಸ ಮಾಡಿದ ಲಾಯ್ಡ್ ಲೋರ್ ಸಹಿ ಇರುವ ವಾದ್ಯಗಳನ್ನು ತಯಾರಕರು ಈಗಲೂ ಅಳೆದು ನೋಡುತ್ತಾರೆ.

ಅದಕ್ಕೂ ಹಿಂದಿನ ಗಿಬ್ಸನ್‌ಗಳಲ್ಲಿ ಅಂಡಾಕಾರದ ರಂಧ್ರದ ಪಕ್ಕ ಒಂದೇ ಅಡ್ಡಪಟ್ಟಿ ಇರುತ್ತಿತ್ತು. ಎಫ್-5ನಲ್ಲಿ ಮೇಲ್ಹಲಗೆಯ ಒಳಬದಿಗೆ ಅಂಟಿಸಿದ ಎರಡು ಪಟ್ಟಿಗಳು ಉದ್ದಕ್ಕೆ ಸಾಗುತ್ತವೆ, ಕುದುರೆಯ (ಹಲಗೆಯ ಮೇಲೆ ನಿಂತು ತಂತಿಗಳನ್ನು ಹೊರುವ ಮರದ ತುಂಡು, ಬ್ರಿಜ್) ಎರಡು ಕಾಲುಗಳ ಕೆಳಗೆ ಹಾದು ಹೋಗುತ್ತವೆ. ಇವೇ ಟೋನ್ ಬಾರ್‌ಗಳು. ಎಂಟು ತಂತಿಗಳ ಒಟ್ಟು ಎಳೆತ 75-80 ಕೆಜಿ ಬರುತ್ತದೆ, ಅದರಲ್ಲಿ ಸುಮಾರು 20 ಕೆಜಿ ಕುದುರೆಯ ಮೂಲಕ ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಬಾರ್ ಈ ಭಾರ ಹೊರಬೇಕು, ಹಾಗೇ ಹಲಗೆ ಅದುರುವುದಕ್ಕೂ ಬಿಡಬೇಕು. ಕೆಲಸ ಕಷ್ಟವಾಗುವುದು ಇಲ್ಲೇ.

ಮರ

ಬಾರ್‌ಗೆ ಸ್ಪ್ರೂಸ್ (ಚಳಿ ಪ್ರದೇಶದ ಸೂಜಿ ಎಲೆಯ ಮರ) ಮರವೇ ಬೇಕು. ವೀಣೆಗೆ ಹಲಸು ಒಪ್ಪುತ್ತದಲ್ವಾ, ಇಲ್ಲೂ ಹಾಕಿದರಾಯಿತು ಅಂತ ಕೆಲವರು ಕೇಳುತ್ತಾರೆ. ಬೇಡ. ಹಲಸು, ತೇಗ ಎರಡೂ ಇದಕ್ಕೆ ಭಾರ ಜಾಸ್ತಿ. ಸ್ಪ್ರೂಸ್ ತೂಕದಲ್ಲಿ ಹಗುರ, ನಾರಿನ ಉದ್ದಕ್ಕೆ ಮಾತ್ರ ತುಂಬಾ ಬಿಗಿ. ಗರಗಸದಲ್ಲಿ ಕೊಯ್ದ ಪಟ್ಟಿಗಿಂತ ಉಳಿ ಇಟ್ಟು ಸೀಳಿದ್ದು ಒಳ್ಳೆಯದು, ಏಕೆಂದರೆ ಸೀಳು ನಾರನ್ನೇ ಹಿಡಿದು ಹೋಗುತ್ತದೆ. ತುದಿಯಿಂದ ನೋಡಿದಾಗ ಮರದ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಅಗಲ 6 ಮಿ.ಮೀ. ಸಾಕು. ಎತ್ತರ ಮೊದಲು 15 ಮಿ.ಮೀ. ಇಟ್ಟುಕೊಳ್ಳಿ, ಆಮೇಲೆ ಇಳಿಸಬಹುದು.

ಕೂರಿಸುವುದು

ನನ್ನ ಪ್ರಕಾರ ಅರ್ಧ ನಾದ ನಿರ್ಧಾರವಾಗುವುದು ಇಲ್ಲಿ. ಹಲಗೆಯ ಒಳಭಾಗ ಸಪಾಟಾಗಿಲ್ಲ, ಉದ್ದಕ್ಕೂ ಅಡ್ಡಕ್ಕೂ ಬಾಗಿದೆ. ಬಾರ್‌ನ ತಳ ಆ ಬಾಗನ್ನೇ ಹಿಡಿಯಬೇಕು. ಬಾರ್ ಕೂರುವ ಜಾಗಕ್ಕೆ ಬಣ್ಣದ ಸೀಮೆಸುಣ್ಣ ಉಜ್ಜಿ (ಸ್ಪ್ರೂಸ್ ಬೆಳ್ಳಗಿರುವುದರಿಂದ ನೀಲಿ ಚೆನ್ನಾಗಿ ಕಾಣುತ್ತದೆ), ಬಾರ್ ಅನ್ನು ಅಲ್ಲಿಟ್ಟು ಒತ್ತಿ ಕೂದಲೆಳೆಯಷ್ಟು ಆಡಿಸಿ ಎತ್ತಿ. ನೀಲಿ ಹತ್ತಿದ ಕಡೆ ಉಬ್ಬಿದೆ ಅಂತ ಅರ್ಥ. ಅಷ್ಟನ್ನೇ ಹರಿತ ಉಳಿಯಿಂದ ಕೆರೆದು ಮತ್ತೆ ಒತ್ತಿ. ತಳದ ತುಂಬಾ ಒಂದೇ ಸಮ ನೀಲಿ ಬರುವವರೆಗೆ ಇದೇ ಕೆಲಸ. ಬೇಸರ ಬಂದು ಕ್ಲ್ಯಾಂಪ್ ಬಿಗಿದು ಸಂದು ಮುಚ್ಚಿಬಿಡೋಣ ಅನ್ನಿಸುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಬಲವಂತವಾಗಿ ಬಗ್ಗಿಸಿ ಅಂಟಿಸಿದ ಬಾರ್ ಹಲಗೆಯನ್ನು ಸದಾ ಎಳೆಯುತ್ತಲೇ ಇರುತ್ತದೆ, ಆಮೇಲೆ ನೀವು ಎಷ್ಟು ಕೀಸಿದರೂ ಆ ಎಳೆತ ಹೋಗುವುದಿಲ್ಲ.

ಸುಣ್ಣದ ಪುಡಿ ಪೂರ್ತಿ ಒರೆಸಿ ತೆಗೆದು ಅಂಟು ಹಚ್ಚಿ. ತೊಗಲಿನಿಂದ ಮಾಡಿದ ಬಿಸಿ ಅಂಟು ಒಣಗಿದ ಮೇಲೆ ಗಟ್ಟಿ, ಮುಂದೆ ಬೇಕಾದರೆ ಬಿಚ್ಚಲೂ ಬರುತ್ತದೆ, ಆದರೆ ಕೈ ಚುರುಕಾಗಿರಬೇಕು. ಅಭ್ಯಾಸ ಇಲ್ಲದವರು ಮರಗೆಲಸದ ಮಾಮೂಲಿ ಬಿಳಿ ಅಥವಾ ಹಳದಿ ಅಂಟು ಹಾಕಿದರೆ ತಪ್ಪೇನಿಲ್ಲ. ಕರಾವಳಿ, ಮಲೆನಾಡಿನವರು ಈ ಕೆಲಸವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಗಾಳಿಯ ತೇವ ಶೇ 45-50ರಷ್ಟಿರುವ ದಿನಗಳು ಸರಿ.

ಕೀಸುವುದು

ಒಂದು ಲೆಕ್ಕ ತಲೆಯಲ್ಲಿರಲಿ. ಪಟ್ಟಿಯ ಅಗಲ ಅರ್ಧ ಮಾಡಿದರೆ ಬಿಗಿತವೂ ಅರ್ಧ ಆಗುತ್ತದೆ. ಎತ್ತರ ಅರ್ಧ ಮಾಡಿದರೆ ಬಿಗಿತ ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ. ಎತ್ತರದಲ್ಲಿ ಬರೀ ಶೇ 10 ಇಳಿಸಿದರೂ ಪಟ್ಟಿಯ ಬಿಗಿತ ಶೇ 27 ಹೋಗುತ್ತದೆ. ಹಾಗಾಗಿ ನಡುಭಾಗದ ಎತ್ತರಕ್ಕೆ ಕೊನೆಯಲ್ಲಿ ಕೈ ಹಾಕಿ.

ಮೊದಲು ತುದಿಗಳು. ಎರಡೂ ಕಡೆ ಕೊನೆಯ 40 ಮಿ.ಮೀ. ಜಾಗವನ್ನು ಇಳಿಜಾರು ಮಾಡಿ, ಹಲಗೆಯಲ್ಲಿ ಸೇರಿಹೋಗುವಷ್ಟು ತೆಳು ಮಾಡಿ. ಆಮೇಲೆ ಪಕ್ಕಗಳನ್ನು ಕೀಸಿ, ಮೇಲಂಚು ಮನೆಯ ಸೂರಿನಂತೆ ಕೂಡಲಿ. ಹೀಗೆ ತೂಕ ಇಳಿಯುತ್ತದೆ, ಎತ್ತರ ಹಾಗೇ ಉಳಿಯುತ್ತದೆ. ಬೆರಳಿನಷ್ಟು ಚಿಕ್ಕ ಕೀಸುಳಿ ಇದ್ದರೆ ಅನುಕೂಲ, ಇಲ್ಲದಿದ್ದರೆ ಅಗಲ ಉಳಿ ಸಾಕು.

ಈಗ ಹಲಗೆಯನ್ನು ಸುತ್ತುಪಟ್ಟಿಗೆ, ಅಂದರೆ ವಾದ್ಯದ ಪಕ್ಕದ ಗೋಡೆಗೆ, ಅಂಟಿಸಿ, ಹಿಂಬದಿ ತೆರೆದೇ ಇರಲಿ. ಬಿಡಿ ಹಲಗೆ ಕೊಡುವ ದನಿ, ಅಂಚು ಅಂಟಿದ ಮೇಲೆ ಬದಲಾಗುತ್ತದೆ, ಅದಕ್ಕೇ ಕೊನೆಯ ಕೀಸುವಿಕೆ ಹೀಗಿಟ್ಟು ಮಾಡುವುದು. ಕುದುರೆ ಕೂರುವ ಜಾಗಕ್ಕೆ ಬೆರಳ ತುದಿಯಿಂದ ತಟ್ಟಿ ಕೇಳಿ. ಫೋನಿನಲ್ಲಿ ಸ್ವರದ ಆವರ್ತನ ತೋರಿಸುವ ಆ್ಯಪ್ ಇದ್ದರೆ ಅಂಕಿ ಬರೆದುಕೊಳ್ಳಿ. ಎರಡು ಸಲ ತೆಳುವಾಗಿ ಕೀಸಿ, ಮತ್ತೆ ತಟ್ಟಿ, ಮತ್ತೆ ಬರೆಯಿರಿ. ಬಿಗಿತ ಕಡಿಮೆಯಾದಂತೆ ಸ್ವರ ಇಳಿಯುತ್ತದೆ, ದನಿ ಉದ್ದವಾಗಿ ನಿಲ್ಲತೊಡಗುತ್ತದೆ.

ಕೆಲವು ತಯಾರಕರು ಪ್ರತಿ ಬಾರ್‌ಗೂ ಇಂಥದ್ದೇ ಸ್ವರ ಅಂತ ಗುರಿ ಇಟ್ಟು ಕೀಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮ ಹಲಗೆಯ ಮರ, ದಪ್ಪ, ಕಮಾನು ಯಾವುದೂ ಅವರದ್ದಲ್ಲ, ಸುಮ್ನೆ ಅವರ ಸ್ವರದ ಹಿಂದೆ ಓಡಿದರೆ ಮರ ಬೇಕಿದ್ದ ಕಡೆಯೇ ಖಾಲಿಯಾಗುತ್ತದೆ. ನಾನು ನೋಡುವುದು ಬೇರೆ: ಕೀಸಿದಾಗಲೆಲ್ಲ ದನಿ ತೆರೆದುಕೊಳ್ಳುತ್ತಾ ಬರುತ್ತದೆ, ಒಂದು ಹಂತದಲ್ಲಿ ಕೀಸಿದರೂ ದನಿ ಸುಧಾರಿಸುವುದಿಲ್ಲ, ಸ್ವರ ಮಾತ್ರ ಇಳಿಯುತ್ತದೆ. ಆಗ ನಿಲ್ಲಿಸಬೇಕು. ನಡುವಿನ ಎತ್ತರ ಸಾಮಾನ್ಯವಾಗಿ 10-12 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಮೃದಂಗದ ಕರಣೆ (ಬಲಮುಖದ ಕಪ್ಪು ಲೇಪ) ಜಾಸ್ತಿ ತೆಗೆದರೆ ಮತ್ತೆ ಹಾಕಬಹುದು. ಇಲ್ಲಿ ತೆಗೆದ ಮರ ತಿರುಗಿ ಬರುವುದಿಲ್ಲ, ಬಾರ್ ಪೂರ್ತಿ ಕಿತ್ತು ಹೊಸದು ಹಾಕಬೇಕು. ಅನುಮಾನ ಬಂದರೆ ತುಸು ಬಿಗಿಯಾಗಿಯೇ ಬಿಡಿ, ನುಡಿಸುತ್ತಾ ಹೋದಂತೆ ವಾದ್ಯ ಪಳಗುತ್ತದೆ.

ಕಿವಿಯ ಜೊತೆಗೆ ಇನ್ನೊಂದು ಸಾಕ್ಷಿ ಬೇಕೆನಿಸಿದರೆ ಕುದುರೆಯ ಜಾಗದಲ್ಲಿ ಗೊತ್ತಿರುವ ತೂಕವಿಟ್ಟು, ಹಲಗೆ ಎಷ್ಟು ಬಗ್ಗಿತು ಅಂತ ಡಯಲ್ ಗೇಜಿನಲ್ಲಿ (ತೀರಾ ಸಣ್ಣ ಅಳತೆಯನ್ನು ಮುಳ್ಳಿನಿಂದ ತೋರಿಸುವ ಮಾಪಕ) ನೋಡಿ. ಪ್ರತಿ ಸಲ ಅದೇ ತೂಕ, ಅದೇ ಜಾಗ.

ತಂತಿ ಕಟ್ಟಿದ ಮೇಲೆ

ಹಿಂಬದಿ ಮುಚ್ಚಿ, ಪಾಲಿಶ್ ಹಾಕುವ ಮೊದಲೇ ಒಮ್ಮೆ ತಂತಿ ಕಟ್ಟಿ ನುಡಿಸಿ ನೋಡಿ. ದಪ್ಪ ಜಿ (G) ತಂತಿ ಗಂಟಲು ಕಟ್ಟಿದಂತಿದ್ದು ತೆಳು ಇ (E) ತಂತಿ ಮಾತ್ರ ಚುಚ್ಚಿದರೆ ಬಾರ್ ಇನ್ನೂ ಬಿಗಿ ಇದೆ. ಎಫ್ ರಂಧ್ರದೊಳಗಿಂದ ಬಾಗಿದ ಹಿಡಿಯ ಉಳಿ ತೂರಿಸಿ ಸ್ವಲ್ಪ ಕೆರೆಯಬಹುದು, ಕನ್ನಡಿ ಮತ್ತು ಸಣ್ಣ ಟಾರ್ಚ್ ಬೇಕಾಗುತ್ತವೆ. ದನಿ ಗುಂಯ್ ಅಂತ ಹರಡಿ ಸ್ವರಗಳು ಒಂದರೊಳಗೊಂದು ಕಲಸಿಹೋದರೆ ಬಾರ್ ಸೋತಿದೆ.

ತಂತಿ ಕಟ್ಟುವ ಮುಂಚೆಯೇ ಕುದುರೆಯ ಪಕ್ಕದಲ್ಲಿ ಕಮಾನಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ತಂತಿ ಬಿಗಿದಾಗ ತುಸು ಇಳಿಯುವುದು ಸಹಜ. ಒಂದು ವಾರ ಬಿಟ್ಟು ಅಳೆಯಿರಿ, ಇನ್ನೊಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಅಲ್ಲೇ ನಿಂತಿದ್ದರೆ ಪಾಲಿಶ್‌ಗೆ ಹೋಗಿ. ಇಳಿಯುತ್ತಲೇ ಇದ್ದರೆ ಅವತ್ತೇ ತಂತಿ ಸಡಿಲಿಸಿ, ಹಿಂಬದಿ ಬಿಚ್ಚಿ ಬಾರ್ ಬದಲಿಸಿ.