ಒಂದು ಹೇಳಿಕೆ ಯಾವುದರ ಬಗ್ಗೆ ಇದೆ? ತರ್ಕದಲ್ಲಿ ಹಿಡಿಯುವ ಬಗೆ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ತರ್ಕ ಹೇಳಿಕೊಡುವವನು ನಾನು. ‘ಬೀದರ್‌ನಲ್ಲಿ ಮಳೆಯಾಗಿದೆ’ ನಿಜವಾದರೆ ‘ಬೀದರ್‌ನಲ್ಲಿ ಮಳೆಯಾಗಿದೆ ಅಥವಾ ತೊಗರಿ ದರ ಇಳಿದಿದೆ’ ಕೂಡ ನಿಜ ಎಂದು ಬೋರ್ಡಿನ ಮೇಲೆ ಬರೆದರೆ ಸಾಕು, ಹಿಂದಿನ ಬೆಂಚಿನಿಂದ ಕೂಗು ಏಳುತ್ತದೆ: “ಸರ್, ಇದ್ರಾಗ ತೊಗರಿ ಎಲ್ಲಿಂದ ಬಂತ್ರಿ?” ತಕರಾರು ನ್ಯಾಯವಾದದ್ದೇ. ರೂಢಿಯ ತರ್ಕ ನಿಜವೋ ಸುಳ್ಳೋ ಎಂಬುದನ್ನಷ್ಟೇ ನೋಡುತ್ತದೆ, ‘ಅಥವಾ’ದ ಒಂದು ಬದಿ ನಿಜವಾದರೆ ಅದಕ್ಕೆ ಸಾಕು. ವಿಷಯವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರೆ ಹೀಗೆ ಮಾಡಿ.

ವಿಷಯವನ್ನು ಪ್ರಶ್ನೆಯಾಗಿ ಬರೆದುಕೊಳ್ಳಿ. ಬರೀ ‘ತೊಗರಿ’ ಎಂದರೆ ಪ್ರಯೋಜನವಿಲ್ಲ. ‘ಇವತ್ತು ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಕ್ವಿಂಟಲ್‌ಗೆ ಎಷ್ಟು?’ ಎಂದಿರಲಿ. ಈಗ ಜಗತ್ತು ಇರಬಹುದಾದ ಬಗೆಗಳನ್ನೆಲ್ಲ ಉತ್ತರದ ಪ್ರಕಾರ ವಿಂಗಡಿಸಿ: ದರ 7000 ಇರುವುದೆಲ್ಲ ಒಂದು ಗುಂಪು, 7100 ಇರುವುದೆಲ್ಲ ಇನ್ನೊಂದು. ಗುಂಪಿನೊಳಗೆ ಆಳಂದದಲ್ಲಿ ಮಳೆ ಬಂದಿರಲಿ ಬಿಡಲಿ, ನಮಗೆ ಸಂಬಂಧವಿಲ್ಲ. ತತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1988ರಲ್ಲಿ ಇಂಥ ವಿಂಗಡಣೆಯನ್ನೇ ‘ವಿಷಯ’ ಎಂದು ತೆಗೆದುಕೊಂಡರು.

ಇನ್ನು ಪರೀಕ್ಷೆ. ಯಾವ ಗುಂಪಿನೊಳಗೂ ಹೇಳಿಕೆ ಒಮ್ಮೆ ನಿಜ, ಒಮ್ಮೆ ಸುಳ್ಳು ಆಗದಿದ್ದರೆ ಅದು ಪೂರ್ತಿ ಆ ವಿಷಯದ ಬಗ್ಗೆಯೇ ಇದೆ. ‘ದರ 7000 ದಾಟಿದೆ’ ಪಾಸು. ‘ದಾಟಿಲ್ಲ’ ಕೂಡ ಪಾಸು, ನಿಷೇಧಿಸಿದ ಮಾತ್ರಕ್ಕೆ ವಿಷಯ ಬದಲಾಗುವುದಿಲ್ಲ. ಆದರೆ ‘ದರ ನಿನ್ನೆಗಿಂತ ಏರಿದೆ’? ಹುಡುಗರು ಕಣ್ಣು ಮುಚ್ಚಿ ಪಾಸು ಮಾಡುತ್ತಾರೆ. ಇವತ್ತು 7000 ಇರುವ ಗುಂಪನ್ನೇ ನೋಡಿ: ಅದರೊಳಗೆ ನಿನ್ನೆ 6900 ಇದ್ದದ್ದೂ ಇದೆ, 7200 ಇದ್ದದ್ದೂ ಇದೆ. ಮೊದಲನೆಯದರಲ್ಲಿ ಹೇಳಿಕೆ ನಿಜ, ಎರಡನೆಯದರಲ್ಲಿ ಸುಳ್ಳು. ಫೇಲು. ಪ್ರಶ್ನೆಯನ್ನು ‘ನಿನ್ನೆ ಎಷ್ಟು, ಇವತ್ತು ಎಷ್ಟು?’ ಎಂದು ಹಿಗ್ಗಿಸಿದರೆ ಪಾಸಾಗುತ್ತದೆ.

ಒಂದು ಕಡೆ ಈ ವಿಧಾನ ಕೈಕೊಡುತ್ತದೆ. ‘ಬೀದರ್‌ನಲ್ಲಿ ಮಳೆಯಾಗಿದೆ ಅಥವಾ ಆಗಿಲ್ಲ’ ಎಲ್ಲ ಗುಂಪಿನಲ್ಲೂ ನಿಜ, ಹಾಗಾಗಿ ತೊಗರಿ ಪ್ರಶ್ನೆಗೂ ಪಾಸಾಗಿಬಿಡುತ್ತದೆ! ಇಂಥಲ್ಲಿ ‘ಇದನ್ನು ನಿಜ ಮಾಡುತ್ತಿರುವುದು ಯಾವುದು, ಸುಳ್ಳಾಗಿದ್ದರೆ ಯಾವುದರಿಂದ ಆಗುತ್ತಿತ್ತು?’ ಎಂದು ಕೇಳಿ. ತತ್ವಶಾಸ್ತ್ರಜ್ಞರಾದ ಕಿಟ್ ಫೈನ್, ಸ್ಟೀಫನ್ ಯಾಬ್ಲೊ ಹಿಡಿದ ದಾರಿ ಇದು. ಮಳೆಯ ಮಾತನ್ನು ನಿಜ ಮಾಡುವುದು ಬೀದರ್‌ನ ಆಕಾಶ. ಎಪಿಎಂಸಿ ದರಪಟ್ಟಿಗೆ ಅಲ್ಲಿ ಕೆಲಸವಿಲ್ಲ.

ಇನ್ನು ಹಿಂದಿನ ಬೆಂಚಿನ ತಕರಾರು. ತರ್ಕಶಾಸ್ತ್ರಜ್ಞ ವಿಲಿಯಂ ಪ್ಯಾರಿ 1933ರಲ್ಲೇ ಒಂದು ಕಟ್ಟಳೆ ಹಾಕಿದ್ದರು: ಆಧಾರವಾಕ್ಯದಲ್ಲಿ ಇಲ್ಲದ್ದು ತೀರ್ಮಾನದಲ್ಲಿ ನುಸುಳಬಾರದು. ಅದರಂತೆ ತೊಗರಿ ಹೊರಗೆ. ಆದರೆ ‘ಅಥವಾ’ ಸೇರಿಸುವ ಹಳೆಯ ಸ್ವಾತಂತ್ರ್ಯವೂ ಹೋಗುತ್ತದೆ, ನನಗದು ದುಬಾರಿ ಅನಿಸುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ: ನಿಜ ಉಳಿಯಿತೇ, ವಿಷಯ ಉಳಿಯಿತೇ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಮಾತ್ರ ಮೊದಲ ಕಾಲಂ ನೋಡಿ ಟಿಕ್ ಹಾಕಿ. ನೆಗೆಟಿವ್ ಮಾರ್ಕ್ಸ್ ಇರುತ್ತದೆ.