ಎಕ್ಕದ ಜೋಡಿ ಕೈಗೆ ಬಂದಾಗ: ರೇಸ್ ಮಾಡುವುದನ್ನು, ಅಂದರೆ ಪಣ ಏರಿಸುವುದನ್ನು, ನಾನು ಕಲಿತ ಬಗೆ

ನಾನು ಪೋಕರ್ ಕಲಿತದ್ದು ಮೂವತ್ತು ದಾಟಿದ ಮೇಲೆ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದಾಗ. ಅಲ್ಲಿಯವರೆಗೆ ಎಲೆಯಾಟವೆಂದರೆ ನನಗೆ ಗೊತ್ತಿದ್ದುದು ಮದುವೆಮನೆಯ ಜಮಖಾನದ ಮೇಲಿನ ರಮ್ಮಿ ಒಂದೇ. ರಮ್ಮಿಯಲ್ಲಿ ಎರಡು ಜೋಕರ್ ಒಟ್ಟಿಗೆ ಬಂದರೂ ಮುಖದಲ್ಲಿ ತೋರಗೊಡದೆ ಸುಮ್ಮನಿರುವುದೇ ಜಾಣತನ. ಆ ಅಭ್ಯಾಸವನ್ನು ನಾನು ಹಾಗೆಯೇ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಮೇಜಿಗೂ ತಂದೆ, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತೆ.

ನಾನು ಕೂರುತ್ತಿದ್ದುದು ಒಂಬತ್ತು ಜನರ, 1 ಮತ್ತು 3 ಡಾಲರ್ ಬ್ಲೈಂಡ್‌ನ ನೋ ಲಿಮಿಟ್ ಮೇಜಿನಲ್ಲಿ. ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಹಣ: 1 ಸ್ಮಾಲ್ ಬ್ಲೈಂಡ್, 3 ಬಿಗ್ ಬ್ಲೈಂಡ್. ನೋ ಲಿಮಿಟ್ ಎಂದರೆ ಮುಂದಿರುವ ಹಣವನ್ನೆಲ್ಲ ಒಮ್ಮೆಲೇ ಇಡಬಹುದು. ಒಂದು ರಾತ್ರಿ, ಎಲ್ಲರಿಗಿಂತ ಮೊದಲು ಮಾತಾಡಬೇಕಾದ ಜಾಗದಲ್ಲಿದ್ದಾಗ ನನಗೆ ಎಕ್ಕದ ಜೋಡಿ ಬಂತು. ಸರಾಸರಿ 221 ಕೈಗಳಿಗೆ ಒಮ್ಮೆ ಬರುವ ಜೋಡಿ ಅದು. ರೇಸ್ ಮಾಡಿದರೆ ಎಲ್ಲರೂ ಎಲೆ ಬಿಟ್ಟು, ಬಂದ ಭಾಗ್ಯ ನಾಲ್ಕು ಡಾಲರ್‌ಗೆ ಮುಗಿದುಹೋದೀತೆಂಬ ಭಯದಿಂದ ನಾನು ಬರೀ 3 ಡಾಲರ್ ಇಟ್ಟು, ಹಿಂದಿನವರು ಯಾರಾದರೂ ಏರಿಸಲಿ ಎಂದು ಕಾದೆ. ಯಾರೂ ಏರಿಸಲಿಲ್ಲ. ಆರು ಜನ ಫ್ಲಾಪ್, ಅಂದರೆ ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗಳನ್ನು, ನೋಡಿದೆವು. ರಾಣಿ, ಎಂಟು, ನಾಲ್ಕು ಬಿದ್ದವು. ಬಿಗ್ ಬ್ಲೈಂಡ್‌ನಲ್ಲಿದ್ದ ಹಿರಿಯರ ಕೈಯಲ್ಲಿ ಎಂಟು ಮತ್ತು ನಾಲ್ಕು ಇದ್ದವು; ನನ್ನ ಒಂದು ಜೋಡಿಗೆ ಎದುರಾಗಿ ಅವರದು ಎರಡು ಜೋಡಿಯಾಯಿತು. ನನ್ನ ಮುಂದಿದ್ದ ಚಿಪ್ಸ್ ಎಲ್ಲವೂ ಅವರ ಕಡೆ ಹೋದವು.

ಮನೆಗೆ ಬಂದು ಲೆಕ್ಕ ಹಾಕಿದಾಗ, ನನ್ನ ತಪ್ಪು ನಾನು ಅಂದುಕೊಂಡಲ್ಲಿ ಇರಲಿಲ್ಲ. ಯಾವುದೇ ಎಲೆ ಹಿಡಿದ ಒಬ್ಬ ಎದುರಾಳಿಯ ಮೇಲೆ ಎಕ್ಕದ ಜೋಡಿ ಶೇ. 85ರಷ್ಟು ಸಲ ಗೆಲ್ಲುತ್ತದೆ; ಐವರ ಮೇಲೆ ಅದು ಸುಮಾರು ಶೇ. 49ಕ್ಕೆ ಇಳಿಯುತ್ತದೆ. ಇದನ್ನು ನೋಡಿ, ಹೆಚ್ಚು ಜನ ಬಂದದ್ದೇ ನಷ್ಟಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಆದರೆ ಆರು ಜನ ಸಮನಾಗಿ ಹಣ ಹಾಕಿರುವಾಗ ಅರ್ಧದಷ್ಟು ಸಲ ಗೆಲ್ಲುವುದು ದೊಡ್ಡ ಲಾಭವೇ ಹೊರತು ನಷ್ಟವಲ್ಲ. ನಿಜವಾದ ನಷ್ಟವೆಂದರೆ, ಆ ಹಿರಿಯರು ಒಂದು ಡಾಲರ್ ಕೂಡ ಹೆಚ್ಚಿಗೆ ಕೊಡದೆ ಫ್ಲಾಪ್ ನೋಡಿದ್ದು ಮತ್ತು ಅವರ ಕೈಯಲ್ಲಿ ಏನಿರಬಹುದೆಂದು ಊಹಿಸಲು ನನಗೆ ಯಾವ ಸುಳಿವೂ ಇರದಿದ್ದದ್ದು. 15 ಡಾಲರ್ ಕೇಳಿದ್ದರೆ ಎಂಟು ಮತ್ತು ನಾಲ್ಕನ್ನು ಅವರು ಖಂಡಿತ ಬಿಡುತ್ತಿದ್ದರು. ರಾಜ ಮತ್ತು ರಾಣಿ ಹಿಡಿದವರು, ಒಂಬತ್ತರ ಜೋಡಿಯವರು ಕೊಟ್ಟು ಬರುತ್ತಿದ್ದರು. ದುರ್ಬಲ ಕೈಯವರು ಇನ್ನೂ ಕೊಡಲು ಒಪ್ಪುವ ಅತಿ ಹೆಚ್ಚಿನ ಬೆಲೆ ಯಾವುದೋ ಅದನ್ನು ಕೇಳುವುದೇ ರೇಸ್ ಎಂದು ನನಗೆ ಅರ್ಥವಾದದ್ದು ಆಗ.

ಆ ಬೆಲೆ ಮೇಜಿನಿಂದ ಮೇಜಿಗೆ ಬೇರೆ. ಬಿಗ್ ಬ್ಲೈಂಡ್‌ನ ಮೂರು ಪಟ್ಟು ಎಂಬ ರೂಢಿಯ ಪ್ರಕಾರ 9 ಡಾಲರ್ ಇಟ್ಟರೆ ನಮ್ಮ ಮೇಜಿನಲ್ಲಿ ಐದು ಜನ ಯೋಚಿಸದೆ ಕಾಲ್ ಮಾಡುತ್ತಿದ್ದರು (ಅಷ್ಟೇ ಹಣ ಇಟ್ಟು ಆಟದಲ್ಲಿ ಉಳಿಯುತ್ತಿದ್ದರು), 25 ಇಟ್ಟರೆ ಎಲ್ಲರೂ ಬಿಡುತ್ತಿದ್ದರು. ಆದ್ದರಿಂದ ಕುಳಿತ ಮೊದಲ ಅರ್ಧ ಗಂಟೆ ನಾನು ಆಡುವುದಕ್ಕಿಂತ ಹೆಚ್ಚಾಗಿ, ಯಾವ ಮೊತ್ತಕ್ಕೆ ಎಷ್ಟು ಜನ ಬರುತ್ತಾರೆಂದು ಗಮನಿಸುತ್ತಿದ್ದೆ. ಹೆಚ್ಚಿನ ರಾತ್ರಿಗಳಲ್ಲಿ ಅದು 15ಕ್ಕೆ ನಿಲ್ಲುತ್ತಿತ್ತು. ನನಗಿಂತ ಮೊದಲು ಬರೀ ಕಾಲ್ ಮಾಡಿದ ಪ್ರತಿಯೊಬ್ಬರಿಗೂ ಇನ್ನು 3 ಸೇರಿಸುತ್ತಿದ್ದೆ. ಎಕ್ಕದ ಜೋಡಿಗೆ ಒಂದು ಮೊತ್ತ, ಹತ್ತರ ಜೋಡಿಗೆ ಇನ್ನೊಂದು ಎಂದು ಎಂದೂ ಮಾಡಲಿಲ್ಲ. ಎರಡು ವಾರ ಎದುರು ಕುಳಿತವರು ಅದನ್ನು ತೆರೆದ ಪುಸ್ತಕದಂತೆ ಓದುತ್ತಾರೆ.

ರಾಜನ ಜೋಡಿಯ ವಿಷಯದಲ್ಲಿ ನಾನು ಹಿಂದೆಮುಂದೆ ನೋಡುವುದಿಲ್ಲ. ಉಳಿದ ಎಂಟು ಜನರಲ್ಲಿ ಯಾರಾದರೊಬ್ಬರ ಬಳಿ ಎಕ್ಕದ ಜೋಡಿ ಇರುವ ಸಂಭವ ಸುಮಾರು ಶೇ. 4 ಮಾತ್ರ, ಆ ಭಯಕ್ಕಾಗಿ ಉಳಿದ 96 ಸಲದ ಲಾಭವನ್ನು ಬಿಡುವುದು ಸರಿಯಲ್ಲ. ಎಕ್ಕ ಮತ್ತು ರಾಜ ಬೇರೆ ಬಗೆಯ ಕೈ. ಅದು ಫ್ಲಾಪ್‌ನಲ್ಲಿ ಜೋಡಿಯಾಗುವುದು ಮೂರಕ್ಕೆ ಒಮ್ಮೆ ಮಾತ್ರ, ಆದ್ದರಿಂದ ಮೊದಲೆಲ್ಲ ಅದನ್ನು ಕಾಲ್ ಮಾಡಿ ಕಾಯುತ್ತಿದ್ದೆ. ಈಗ ಮೊದಲೇ ಏರಿಸುತ್ತೇನೆ, ಏಕೆಂದರೆ ನನ್ನ ಕೈಯಲ್ಲಿ ಒಂದು ಎಕ್ಕ, ಒಂದು ರಾಜ ಇದ್ದಾಗ ಎದುರಾಳಿಗೆ ಎಕ್ಕದ ಜೋಡಿ ಬರಬಹುದಾದ ಆರು ದಾರಿಗಳು ಮೂರಕ್ಕೆ ಇಳಿಯುತ್ತವೆ, ರಾಜನ ಜೋಡಿಯದೂ ಅಷ್ಟೇ. ನಾನು ಹೆಚ್ಚು ಹೆದರಬೇಕಾದ ಎರಡು ಕೈಗಳು ಹೀಗೆ ಅರ್ಧವಾಗಿರುವಾಗ, ಜೋಡಿಯಾಗದೆಯೂ ಪಾಟ್ (ಮೇಜಿನ ನಡುವೆ ಸೇರಿದ ಹಣ) ಗೆಲ್ಲುವ ಅವಕಾಶವನ್ನು ಯಾಕೆ ಬಿಡಬೇಕು?

ಏರಿಸಿದ ಮೇಲೆ ಇನ್ನೊಬ್ಬರು ಮತ್ತೆ ಏರಿಸಿದರೆ ನಾನು ಎಲೆಗಿಂತ ಮನುಷ್ಯನನ್ನು ನೋಡುತ್ತೇನೆ. ಮೂರು ಗಂಟೆ ಸುಮ್ಮನಿದ್ದ ಒಬ್ಬರು, ಮೊದಲ ಜಾಗದಿಂದ ಬಂದ ನನ್ನ 15ರ ಮೇಲೆ 55 ಇಟ್ಟಾಗ ನಾನು ರಾಣಿಯ ಜೋಡಿಯನ್ನು ಬಿಟ್ಟಿದ್ದೇನೆ. ಅದೇ ಮೊತ್ತವನ್ನು ಪ್ರತಿ ಸುತ್ತಿನಲ್ಲೂ ಕೈ ಚಾಚುವವರು ಬಟನ್‌ನಿಂದ, ಅಂದರೆ ಫ್ಲಾಪ್ ನಂತರ ಎಲ್ಲರಿಗಿಂತ ಕೊನೆಗೆ ಮಾತಾಡುವ ಜಾಗದಿಂದ, ಇಟ್ಟಿದ್ದರೆ ಬಿಡುತ್ತಿರಲಿಲ್ಲ.

ನನಗೆ ಇಂದಿಗೂ ಕಷ್ಟವೆನಿಸುವುದು ಗುಲಾಮನ ಜೋಡಿ. ಫ್ಲಾಪ್‌ನಲ್ಲಿ ಅದಕ್ಕಿಂತ ಮೇಲಿನ ಎಲೆ ಬೀಳುವ ಸಂಭವ ಶೇ. 57. ಹಾಗಾಗಿ, ಸ್ಮಾಲ್ ಬ್ಲೈಂಡ್‌ನಲ್ಲಿ ಕುಳಿತು, ಮುಂದೆ ಐದು ಜನ ಕಾಲ್ ಮಾಡಿದ್ದಾಗ, ಫ್ಲಾಪ್‌ನಿಂದ ಕೊನೆಯವರೆಗೂ ಎಲ್ಲರಿಗಿಂತ ಮೊದಲು ಮಾತಾಡಬೇಕಾದ ಆ ಜಾಗದಲ್ಲಿ ನನ್ನ ಕೈ ತಡೆಯುತ್ತದೆ. ಆದರೂ ಅಲ್ಲಿ ನಾನು 30 ಇಡುತ್ತೇನೆ. ಸಾಮಾನ್ಯವಾಗಿ ಒಬ್ಬಿಬ್ಬರು ಉಳಿಯುತ್ತಾರೆ. ಫ್ಲಾಪ್‌ನಲ್ಲಿ ಎಕ್ಕವೋ ರಾಜನೋ ಬಿದ್ದು, ನನ್ನ ಮುಂದಿನ ಒಂದು ಬೆಟ್‌ಗೆ ಅವರು ಜಗ್ಗದಿದ್ದರೆ ಅಲ್ಲಿಗೇ ಎಲೆ ಬಿಡುತ್ತೇನೆ.