ಯಾವ ಗೋಡೆಗೆ ಯಾವ ಡ್ರಿಲ್ ಬಿಟ್?

ಮನೆ ಕಟ್ಟುವ ಕೆಲಸ ಮುಗಿಯುತ್ತ ಬಂದು, ಪರದೆಯ ಕಂಬಿ, ಗೀಸರ್, ಅಡುಗೆಮನೆಯ ಶೆಲ್ಫ್‌ಗಳನ್ನು ಕೂರಿಸುವ ಹೊತ್ತಿಗೆ ಡ್ರಿಲ್ ಯಂತ್ರ ಕೈಗೆ ಬರುತ್ತದೆ. ಯಂತ್ರ ಕೊಳ್ಳಲು ನಾಲ್ಕು ಅಂಗಡಿ ಅಲೆಯುವವರೂ ಅದರ ತುದಿಗೆ ಸಿಕ್ಕಿಸುವ ಕೊರೆಯುವ ಮೊನೆ, ಅಂದರೆ ಬಿಟ್ ವಿಷಯದಲ್ಲಿ ಪೆಟ್ಟಿಗೆಯೊಳಗೆ ಬಂದದ್ದನ್ನೇ ಸಿಕ್ಕಿಸಿ ಕೆಲಸ ಶುರುಮಾಡುತ್ತಾರೆ. ಸ್ವಿಚ್ ಬೋರ್ಡ್‌ಗಳ ನೇರಕ್ಕೆ ಮೇಲೆ ಕೆಳಗೆ ವೈರ್ ಹಾದುಹೋಗಿರುತ್ತದೆಂಬುದನ್ನು ನೆನಪಿಟ್ಟು ಜಾಗ ಗುರುತಿಸಿಕೊಂಡ ಮೇಲೆ, ಬಿಟ್ ಆರಿಸುವ ಕೆಲಸ ಹೀಗೆ ಸಾಗಲಿ.

ಮೊದಲು ಗೋಡೆಯನ್ನು ಓದಿ. ಒಂದೇ ಮನೆಯಲ್ಲಿ ಕಾಂಕ್ರೀಟ್ ಕಂಬ, ಇಟ್ಟಿಗೆ ಗೋಡೆ, ಒಳಗೆ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಬ್ಲಾಕ್ ಮೂರೂ ಇರಬಹುದು, ಕರಾವಳಿಯಲ್ಲಾದರೆ ಕೆಂಪುಕಲ್ಲು. ಮರೆಯಾಗುವ ಜಾಗದಲ್ಲಿ ಸಣ್ಣ ರಂಧ್ರ ಕೊರೆದು ಪುಡಿ ನೋಡಿ. ಮೊದಲ ಅರ್ಧ ಇಂಚಿನಷ್ಟು ಬರುವುದು ಗಾರೆಯ ಪುಡಿ, ಅದನ್ನು ನಂಬಬೇಡಿ. ಅನಂತರವೂ ಬೂದು ಪುಡಿಯೇ ಬಂದು ಬಿಟ್ ಮುಂದೆ ಹೋಗಲು ಹಟ ಹಿಡಿದರೆ ಕಾಂಕ್ರೀಟ್. ಕೆಂಪಾದರೆ ಇಟ್ಟಿಗೆ ಅಥವಾ ಕೆಂಪುಕಲ್ಲು. ತಿಳಿಬಣ್ಣದ ನಯವಾದ ಪುಡಿ ಸುರಿದು ಬಿಟ್ ಸಲೀಸಾಗಿ ಒಳಹೊಕ್ಕರೆ ಎಎಸಿ.

ಈ ಗೋಡೆಗಳಿಗೆಲ್ಲ ಬೇಕಾದದ್ದು ಮೇಸನ್ರಿ ಬಿಟ್. ಅದರ ತುದಿಯಲ್ಲಿ ದಂಡಕ್ಕಿಂತ ಕೊಂಚ ಅಗಲವಾದ, ಟಂಗ್‌ಸ್ಟನ್ ಕಾರ್ಬೈಡ್‌ನ ಪುಟ್ಟ ತುಂಡು ಬೆಸೆದಿರುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು. ಕಾಂಕ್ರೀಟ್‌ಗೆ ಯಂತ್ರದ ಸುತ್ತಿಗೆ ಗುರುತಿನ ಗುಂಡಿ ಒತ್ತಲೇಬೇಕು, ಎಎಸಿಗೆ ಒತ್ತಬಾರದು, ಏಕೆಂದರೆ ಹೊಡೆತಕ್ಕೆ ರಂಧ್ರ ಅಗಲವಾಗಿ, ಸ್ಕ್ರೂ ಹಿಡಿಯಲೆಂದು ಅದರೊಳಗೆ ತೂರಿಸುವ ಪ್ಲಗ್ ನಿಲ್ಲುವುದಿಲ್ಲ. ಕಾಂಕ್ರೀಟ್‌ನಲ್ಲಿ ಬಿಟ್ ಥಟ್ಟನೆ ನಿಂತು ಕಿರುಗುಟ್ಟಿದರೆ ಒಳಗಿನ ಕಬ್ಬಿಣಕ್ಕೆ ತಾಗಿದೆ ಎಂದರ್ಥ. ಒತ್ತಡ ಹಾಕದೆ ರಂಧ್ರವನ್ನು ಒಂದೆರಡು ಇಂಚು ಪಕ್ಕಕ್ಕೆ ಸರಿಸಿ.

ಬಿಟ್‌ನ ಹಿಂಬದಿಯನ್ನೂ ನೋಡಿ ಕೊಳ್ಳಿ. ಮನೆಬಳಕೆಯ ಯಂತ್ರಗಳಲ್ಲಿ ಬಿಟ್ ಕಚ್ಚಿ ಹಿಡಿಯುವ ಬಾಯಿ, ಅಂದರೆ ಚಕ್, ಸಾಮಾನ್ಯವಾಗಿ 10 ಅಥವಾ 13 ಮಿ.ಮೀ. ವರೆಗಿನ ದಂಡವನ್ನು ಹಿಡಿಯುತ್ತದೆ. ಹಿಂಬದಿಯಲ್ಲಿ ಉದ್ದುದ್ದ ತೋಡುಗಳಿರುವ ಎಸ್‌ಡಿಎಸ್ ಬಿಟ್ ಜೋರಾಗಿ ಕುಟ್ಟುತ್ತ ಕೊರೆಯುವ ದೊಡ್ಡ ರೋಟರಿ ಹ್ಯಾಮರ್ ಯಂತ್ರಕ್ಕೆ ಮೀಸಲಾದದ್ದು.

ಅಳತೆಯನ್ನು ನಿರ್ಧರಿಸುವುದು ಪ್ಲಗ್. 6 ಮಿ.ಮೀ. ಪ್ಲಗ್‌ಗೆ 6ರ ಬಿಟ್, 8ಕ್ಕೆ 8. ರಂಧ್ರವು ಪ್ಲಗ್‌ನ ಉದ್ದಕ್ಕಿಂತ ಸುಮಾರು 10 ಮಿ.ಮೀ. ಹೆಚ್ಚು ಆಳವಿರಲಿ, ಬಿಟ್‌ಗೆ ಅಷ್ಟು ದೂರದಲ್ಲಿ ಟೇಪ್ ಸುತ್ತಿಕೊಂಡರೆ ಲೆಕ್ಕ ತಪ್ಪದು.

ಹೆಚ್ಚು ತಾಳ್ಮೆ ಬೇಡುವುದು ಟೈಲ್ಸ್. ನಮ್ಮ ಬಚ್ಚಲಮನೆಯಲ್ಲಿ ಟವೆಲ್ ಕಂಬಿಗಾಗಿ ಸುತ್ತಿಗೆ ಗುಂಡಿ ಒತ್ತಿಯೇ ಮೇಸನ್ರಿ ಬಿಟ್ ಇಟ್ಟ ನನಗೆ, ರಂಧ್ರದ ಬದಲು ಮೂಲೆಯಿಂದ ಮೂಲೆಗೆ ಹರಿದ ಬಿರುಕು ಸಿಕ್ಕಿತು. ಸಾಧಾರಣ ಮೆರುಗಿನ ಟೈಲ್ಸ್‌ಗೆ ಈಟಿಯ ಮೊನೆಯಂತಿರುವ ಗಾಜು ಕೊರೆಯುವ ಬಿಟ್ ಸಾಕು. ಗಟ್ಟಿಯಾದ ವಿಟ್ರಿಫೈಡ್ ಟೈಲ್ಸ್‌ಗೆ ವಜ್ರದ ಹರಳು ಲೇಪಿಸಿದ, ಕೊಳವೆಯಂಥ ಬಿಟ್ಟೇ ಬೇಕು. ಗುರುತಿನ ಮೇಲೆ ಕಾಗದದ ಟೇಪ್ ಅಂಟಿಸಿದರೆ ಮೊನೆ ಜಾರುವುದಿಲ್ಲ. ಸುತ್ತಿಗೆ ಬಂದ್ ಮಾಡಿ, ನಿಧಾನಗತಿಯಲ್ಲಿ ಕೊರೆಯುತ್ತ, ಇನ್ನೊಬ್ಬರಿಂದ ಸ್ಪಾಂಜ್‌ನಲ್ಲಿ ತುಸು ತುಸುವೇ ನೀರು ಹಿಂಡಿಸಿ. ಯಂತ್ರಕ್ಕೆ ನೀರು ತಾಗದಿರಲಿ. ಟೈಲ್ಸ್ ದಾಟಿದ ಮೇಲೆ ನೀರನ್ನು ಒರೆಸಿ, ಟೈಲ್ಸ್‌ನ ರಂಧ್ರಕ್ಕಿಂತ ಅಗಲವಿಲ್ಲದ ಮೇಸನ್ರಿ ಬಿಟ್‌ಗೆ ಬದಲಿಸಿಕೊಳ್ಳಿ.

ಮರಕ್ಕೆ, ನಡುವೆ ಸೂಜಿಮೊನೆ ಇರುವ ಬಿಟ್. ಸ್ಕ್ರೂ ಕೂರಿಸುವುದಾದರೆ ಅದರ ದಪ್ಪಕ್ಕಿಂತ ಕಡಿಮೆ ಅಳತೆಯದು. ಕಬ್ಬಿಣದ ಕಿಟಕಿ ಚೌಕಟ್ಟಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್, ಮೊದಲು ಮೊನಚಾದ ಪಂಚ್‌ನಿಂದ ಒಂದು ಚುಕ್ಕೆ, ಮೇಲೆ ಎರಡು ಹನಿ ಎಣ್ಣೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಕೋಬಾಲ್ಟ್ ಬೆರೆಸಿದ ಬಿಟ್ ಕೇಳಿ ಪಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಬಟ್ಟೆಯ ಕೈಗವಸು ಮಾತ್ರ ಬೇಡ, ತಿರುಗುವ ಬಿಟ್‌ಗೆ ಅದರ ಒಂದು ಎಳೆ ಸಿಕ್ಕರೂ ಕೈಯನ್ನೇ ಎಳೆದುಕೊಳ್ಳುತ್ತದೆ.